ತಪ್ಪು ಕೇಬಲ್‌ದಲ್ಲ, ಸೈವೇವ್‌ದು

ಪೋಕೆಮಾನ್ ರೆಡ್, ಬ್ಲೂ ಆಟದ ಲಿಂಕ್ ಬ್ಯಾಟಲ್‌ನಲ್ಲಿ, ಅಂದರೆ ಎರಡು ಗೇಮ್‌ಬಾಯ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಕೇಬಲ್‌ನಿಂದ ಜೋಡಿಸಿ ಇಬ್ಬರು ಆಡುವ ಕಾಳಗದಲ್ಲಿ, ಅವೆರಡೂ ಬೇರೆ ಬೇರೆ ಫಲಿತಾಂಶ ತೋರಿಸಿದರೆ ಕೇಬಲ್ ಸಡಿಲ ಇರುತ್ತೆ ಅಂತ ಬರೆದಿದ್ದೀರಿ. ಎಲ್ಲ ಸಲ ಹಾಗಲ್ಲ. ಕಾರವಾರದ ನಮ್ಮ ಮನೆ ಜಗಲಿಯಲ್ಲಿ, ಶಿರಸಿಯಿಂದ ರಜೆಗೆ ಬಂದಿದ್ದ ಮಾವನ ಮಗನ ಜೊತೆ ಆಡುವಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಪೋಕೆಮಾನ್ ಸ್ಟಾರ್ಮಿ ಸೈವೇವ್ ಅನ್ನೋ ದಾಳಿ ಹೊಡೆಯಿತು. ಸ್ವಲ್ಪ ಹೊತ್ತಿಗೆ ನನ್ನ ಪರದೆಯಲ್ಲಿ ಅವನ ಪೋಕೆಮಾನ್ ಸ್ನೋರ್ಲ್ಯಾಕ್ಸ್ ಸೋತು ಬಿದ್ದಿತ್ತು, ಅವನದರಲ್ಲಿ ಇನ್ನೂ ನಿಂತಿತ್ತು! ಉಪ್ಪುಗಾಳಿಗೆ ಕೇಬಲ್ ಹಾಳಾಗಿದೆ ಅಂತ ಮನೆಯವರೂ ಹೇಳಿದರು.

ಆದರೆ ಕೇಬಲ್‌ನಲ್ಲಿ ಫಲಿತಾಂಶ ಹೋಗುವುದೇ ಇಲ್ಲ. ಹೋಗುವುದು ಇಬ್ಬರ ಪೋಕೆಮಾನ್‌ಗಳ ವಿವರ, ರ್‍ಯಾಂಡಮ್ ಸಂಖ್ಯೆಗಳ ಪಟ್ಟಿ, ಯಾರು ಯಾವ ದಾಳಿ ಆರಿಸಿದರು ಅನ್ನೋದು, ಅಷ್ಟೇ. ಲೆಕ್ಕವನ್ನು ಎರಡೂ ಯಂತ್ರ ತಾವೇ ಮಾಡುತ್ತವೆ. 100ನೇ ಲೆವೆಲ್‌ನ ಪೋಕೆಮಾನ್ ಹೊಡೆದ ಸೈವೇವ್‌ನಿಂದ ಆಗುವ ಹಾನಿಯ ಅಂಕ, ದಾಳಿ ಮಾಡಿದವನ ಯಂತ್ರದಲ್ಲಿ 1ರಿಂದ 149, ಎದುರಾಳಿಯ ಯಂತ್ರದಲ್ಲಿ 0ಯಿಂದ 149. ಪಟ್ಟಿಯಲ್ಲಿ 0 ಬಂತು ಅನ್ನಿ. ಒಂದು ಯಂತ್ರ ಅದನ್ನು ಬಿಟ್ಟು ಮುಂದಿನ ಸಂಖ್ಯೆ ತಗೊಳ್ಳುತ್ತೆ, ಇನ್ನೊಂದು ಅದನ್ನೇ ಒಪ್ಪುತ್ತೆ. ಅಲ್ಲಿಂದ ಎರಡು ಯಂತ್ರ ಪಟ್ಟಿಯಲ್ಲಿ ಹಿಂದೆ ಮುಂದೆ ಆಗಿ, ಕ್ರಿಟಿಕಲ್ ಹಿಟ್ (ಹೆಚ್ಚು ಜೋರಾದ ಹೊಡೆತ), ಗುರಿ ತಪ್ಪುವುದು ಎಲ್ಲವೂ ಎರಡು ಕಡೆ ಎರಡು ಥರ.

ಹಳೆ ಗೇಮ್‌ಬಾಯ್‌ನಲ್ಲಿ ಈಗಲೂ ಆಡುವವರು ಸೈವೇವ್ ಬೇಡ ಅಂತ ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯ ಕೇಬಲ್ ಸುಮ್ನೆ ಎಸೆಯಬೇಡಿ.