ಎಲೆಮರೆ ಕಾಯಿ: ಬೇಸಾಯ ಕ್ರಮ

ಎಲೆಮರೆ ಕಾಯಿ ತಾನಾಗಿಯೇ ಬೆಳೆಯುತ್ತದೆ ಎಂಬುದು ಸನ್ಮಾನ ಸಮಾರಂಭಗಳ ಭಾಷಣಕಾರರು ಹಬ್ಬಿಸಿದ ತಪ್ಪು ತಿಳಿವಳಿಕೆ. ಯಾವ ಕಾಯಿಯೂ ತಾನಾಗಿ ಹೋಗಿ ಎಲೆಯ ಹಿಂದೆ ಅಡಗಿ ಕೂರುವುದಿಲ್ಲ. ದೊಡ್ಡದೊಂದು ಎಲೆ ತಂದು ಮುಂದೆ ಹಿಡಿಯಬೇಕು, ಗಾಳಿಗೆ ಸರಿಯದಂತೆ ಕಟ್ಟಬೇಕು, ಐವತ್ತು ವರ್ಷ ಕಾಯಬೇಕು. ಆಮೇಲೆ "ಅಯ್ಯೋ, ಇಲ್ಲೊಂದು ಕಾಯಿ ಇತ್ತಲ್ಲ!" ಎಂದು ಎದೆ ಬಡಿದುಕೊಳ್ಳಬೇಕು. ಈ ಬೇಸಾಯದಲ್ಲಿ ಅಮೆರಿಕದ ಸಂಗೀತೋದ್ಯಮದ್ದು ಪಳಗಿದ ಕೈ. ಪ್ರಾತ್ಯಕ್ಷಿಕೆಯ ತಾಕಾಗಿ ಹಾಡುಗಾರ ಬಿಲ್ಲಿ ಲೀ ರೈಲಿಯನ್ನು ನೋಡೋಣ.

ಮೊದಲು ಬೀಜ. ಇಲ್ಲಿ ಕೈಬಿಗಿ ಮಾಡಬಾರದು. ಸಾಧಾರಣ ಹಾಡುಗಾರ ಮರೆಗೆ ಸರಿದರೆ ಮರುಗುವವರು ಸಿಗುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಾಲಿಗೆ ಬೆಲೆ ಇರುವುದಿಲ್ಲ. ರೈಲಿ ಉತ್ತಮ ತಳಿ. 1933ರಲ್ಲಿ ಅರ್ಕನ್ಸಾದ ಪೊಕಹಾಂಟಸ್‌ನಲ್ಲಿ ಹುಟ್ಟಿದ ಬಡವರ ಮನೆ ಹುಡುಗ. ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಕೂಲಿಕಾರರಿಂದ ಹಾರ್ಮೋನಿಕಾ, ಗಿಟಾರ್ ಕಲಿತ. ಬಿಳಿಯರ ಹಳ್ಳಿಹಾಡಾದ ಕಂಟ್ರಿ ಒಂದು ಕಿವಿಯಲ್ಲಿ, ಕರಿಯರ ಬ್ಲೂಸ್ ಇನ್ನೊಂದರಲ್ಲಿ. ಇವೆರಡನ್ನೂ ಬೆರೆಸಿ ಡಬಲ್ ಬಾಸಿನ ತಂತಿಗೆ ಅಂಗೈಯಿಂದ ಪಟಪಟ ಬಾರಿಸಿದರೆ ಆಗುವುದೇ ರಾಕಬಿಲಿ. ಇವನು ಹಾಡುತ್ತಿದ್ದ, ಬರೆಯುತ್ತಿದ್ದ, ನುಡಿಸುತ್ತಿದ್ದ. ನೋಡಲಿಕ್ಕೂ ಸಿನಿಮಾ ನಟನಂತಿದ್ದ. ಮುಚ್ಚಿಡಲು ಇಷ್ಟಾದರೂ ಸರಕು ಬೇಡವೇ?

ಮಣ್ಣು: ಮೆಂಫಿಸ್, 706 ಯೂನಿಯನ್ ಅವೆನ್ಯೂ, ಸ್ಯಾಮ್ ಫಿಲಿಪ್ಸನ ಸನ್ ರೆಕಾರ್ಡು ಕಂಪನಿಯ ಸ್ಟುಡಿಯೋ. ಫಲವತ್ತತೆಯ ಬಗ್ಗೆ ಎರಡು ಮಾತಿಲ್ಲ. ಅಲ್ಲಿನ ಪ್ರಸಿದ್ಧ ಮಾರ್ದನಿಗೆ ಬೇಕಾದದ್ದು ಎರಡು ಆಂಪೆಕ್ಸ್ ಟೇಪ್ ಯಂತ್ರ, ಅಷ್ಟೆ. ಹಾಡು ಒಂದರಲ್ಲಿ ದಾಖಲಾಗುತ್ತಿರುವಾಗಲೇ ಅದೇ ಧ್ವನಿಯನ್ನು ಇನ್ನೊಂದಕ್ಕೂ ಕಳಿಸುವುದು. ಆ ಎರಡನೆಯದರಲ್ಲಿ ಟೇಪು ತಾಗಿ ಸಾಗುವ ಎರಡು ಹೆಡ್ಡುಗಳು; ದಾಖಲಿಸುವ ಹೆಡ್ಡಿಗೂ ಕೇಳಿಸುವ ಹೆಡ್ಡಿಗೂ ಒಂದೆರಡು ಇಂಚು ಅಂತರ. ಸೆಕೆಂಡಿಗೆ 15 ಇಂಚು ಓಡುವ ಟೇಪು 2 ಇಂಚು ದಾಟಲು ಸುಮಾರು 0.13 ಸೆಕೆಂಡು. ಹಾಗೆ ತಡವಾಗಿ ಬಂದ ದನಿಯನ್ನು ಮೂಲ ಹಾಡಿಗೆ ಬೆರೆಸಿದರೆ, ಹಾಡುಗಾರನ ಬೆನ್ನಿಗೇ ಇನ್ನೊಬ್ಬ ಹಾಡುಗಾರ ಓಡಿ ಬಂದಂತೆ ಕೇಳುತ್ತದೆ. ತುಸು ಹೆಚ್ಚು ಬೆರೆಸಿದಿರೋ, ಮಾತೆಲ್ಲ ಕಲಸು ಮೇಲೋಗರ.

ಇದೇ ಕೋಣೆಯಲ್ಲಿ 1956ರ ಕೊನೆಗೆ ರೈಲಿ ಹಾರುವ ತಟ್ಟೆಗಳ ಬಗ್ಗೆ ಒಂದು ಹಾಡು ಹಾಡಿದ: 'ಫ್ಲೈಯಿಂಗ್ ಸಾಸರ್ಸ್ ರಾಕ್ ಅಂಡ್ ರೋಲ್'. ಅವನ ತಂಡದ ರೋಲಂಡ್ ಜೇನ್ಸ್ ಗಿಟಾರಿನ ದನಿ ಬಾಗಿಸುವ ಟ್ರೆಮೊಲೊ ಕಡ್ಡಿ ಅದುಮಿ ತಟ್ಟೆ ಇಳಿಯುವ ಸದ್ದು ತೆಗೆದ, ಜೆ.ಎಂ. ವ್ಯಾನ್ ಈಟನ್ ಡ್ರಮ್ಮು ಬಡಿದ. ಮುಂದಿನ ಫೆಬ್ರವರಿಯಲ್ಲಿ ರೆಕಾರ್ಡು ಹೊರಬಿದ್ದಾಗ ತಂಡದ ಹೆಸರು 'ಲಿಟಲ್ ಗ್ರೀನ್ ಮೆನ್' ಎಂದಾಗಿತ್ತು. ಪಿಯಾನೊ ಮುಂದೆ ಕೂತಿದ್ದವನು ಆಗಷ್ಟೇ ಬಂದಿದ್ದ ಲೂಸಿಯಾನಾದ ಹುಡುಗ, ಜೆರ್ರಿ ಲೀ ಲೂಯಿಸ್. ಕೃಷಿಕ ಮಿತ್ರರು ಗಮನಿಸಬೇಕು: ಎಲೆ ಮೊದಲು ಕಾಯಿಯ ಪಕ್ಕವಾದ್ಯಕ್ಕೆ ಬಂದಿತ್ತು.

ಈಗ ನೆರಳು ಕಟ್ಟುವ ಹಂತ. 1957ರ ಸೆಪ್ಟೆಂಬರಿನಲ್ಲಿ ರೈಲಿಯ 'ರೆಡ್ ಹಾಟ್' ಬಂತು. ಮೂಲದಲ್ಲಿ ಅದು ಸನ್‌ನದೇ ಕರಿಯ ಗಾಯಕ ಬಿಲ್ಲಿ 'ದಿ ಕಿಡ್' ಎಮರ್ಸನ್ನನ ಹಾಡು. ರೇಡಿಯೊದವರು ಹಾಕತೊಡಗಿದರು, ಹುಡುಗ ಪ್ರವಾಸ ಹೊರಟ. ಅಷ್ಟರಲ್ಲಿ ಜೆರ್ರಿ ಲೀಯ 'ಗ್ರೇಟ್ ಬಾಲ್ಸ್ ಆಫ್ ಫೈರ್' ಸಿದ್ಧವಾಯಿತು. ರೈಲಿ ಹೇಳುತ್ತಿದ್ದ ಪ್ರಕಾರ, ಸ್ಯಾಮ್ ವಿತರಕರಿಗೆ ಫೋನು ಮಾಡಿ 'ರೆಡ್ ಹಾಟ್' ತಡೆಹಿಡಿದು ಜೆರ್ರಿ ಲೀಯದನ್ನು ಸಾಗಿಸಿ ಎಂದ. ಇದನ್ನು ಹಗೆತನ ಎಂದುಕೊಂಡರೆ ತಪ್ಪು. ಅದು ಕೇವಲ ಲೆಕ್ಕಾಚಾರ, ಹಾಗಾಗಿ ಹಗೆತನಕ್ಕಿಂತ ಕೆಟ್ಟದ್ದು. ಸಣ್ಣ ಕಂಪನಿಗೆ ರೆಕಾರ್ಡು ಒತ್ತಿಕೊಡುವ ಕಾರ್ಖಾನೆಯವನು ಹಣ ಈಗಲೇ ಕೇಳುತ್ತಾನೆ. ಮಾರುವ ವಿತರಕ ತಿಂಗಳುಗಟ್ಟಲೆ ತಡೆದು ಕೊಡುತ್ತಾನೆ, ಮಾರದೆ ಉಳಿದದ್ದನ್ನು ವಾಪಸು ತಂದು ಸುರಿಯುತ್ತಾನೆ. ಹಾಡು ಗೆದ್ದಷ್ಟೂ ಕೈಯಿಂದ ಹಾಕಬೇಕಾದ ಹಣ ಹೆಚ್ಚು. ಗೆದ್ದೇ ದಿವಾಳಿಯಾದ ಕಂಪನಿಗಳಿವೆ. ಎರಡು ವರ್ಷದ ಹಿಂದೆ ಇದೇ ಸ್ಯಾಮ್ ಎಲ್ವಿಸ್ ಪ್ರೀಸ್ಲಿಯ ಕರಾರನ್ನು 35,000 ಡಾಲರಿಗೆ ಆರ್‌ಸಿಎ ಎಂಬ ದೊಡ್ಡ ರೆಕಾರ್ಡು ಕಂಪನಿಗೆ ಮಾರಿದ್ದರ ಹಿಂದೆಯೂ ಇಂಥದೇ ಬಿಕ್ಕಟ್ಟಿತ್ತು. ಕೊಟ್ಟಿಗೆಯಲ್ಲಿ ಎರಡು ಕುದುರೆ, ಮೇವು ಒಂದಕ್ಕೆ. ತಿಂದ ಕುದುರೆ ಓಡಿತು. ಓಡದ ಕುದುರೆಗೆ ಕಾಲೇ ಇರಲಿಲ್ಲ ಎಂದು ಆಮೇಲೆ ಚರಿತ್ರೆ ಬರೆದುಕೊಂಡರಾಯಿತು.

ಜೆರ್ರಿ ಲೀಯ ಸನ್ ರೆಕಾರ್ಡುಗಳಲ್ಲಿ ಗಿಟಾರ್, ಡ್ರಮ್ಮು ಬಾರಿಸಿದವರು ಯಾರು ಎಂದುಕೊಂಡಿರಿ? ಅದೇ ಜೇನ್ಸ್, ಅದೇ ವ್ಯಾನ್ ಈಟನ್. ಎಲೆಗೆ ನೀರೆಲ್ಲ ಕಾಯಿಯ ಬೇರಿನಿಂದಲೇ.

ಈ ಹಂತದಲ್ಲಿ ಗಿಡ ತಿರುಗಿ ಬೀಳುವುದುಂಟು. ರೈಲಿ ಕಂಠಪೂರ್ತಿ ಕುಡಿದು ಬಂದು ಸ್ಟುಡಿಯೋ ಧ್ವಂಸ ಮಾಡಲು ನಿಂತ. ಅನುಭವವಿಲ್ಲದ ರೈತ ಇಲ್ಲಿ ಪೊಲೀಸರನ್ನು ಕರೆದು ಕೆಟ್ಟು ಹೋಗುತ್ತಾನೆ. ಸ್ಯಾಮ್ ಹಾಗೆ ಮಾಡಲಿಲ್ಲ. ಒಳಕೋಣೆಗೆ ಕರೆದು ಕೂರಿಸಿ ರಾತ್ರಿಯಿಡೀ ಮಾತಾಡಿದ; ಬೆಳಗಾಗುವಷ್ಟರಲ್ಲಿ ಹುಡುಗನಿಗೆ ತಾನೇ ಸನ್‌ನ ಅತಿ ದೊಡ್ಡ ತಾರೆ ಎಂಬ ನಂಬಿಕೆ ಬಂದಿತ್ತು. ಖರ್ಚು: ಒಂದು ರಾತ್ರಿಯ ನಿದ್ದೆ. ಬೇಸಾಯದಲ್ಲಿ ಇಷ್ಟು ಅಗ್ಗದ ಔಷಧ ಬೇರೊಂದಿಲ್ಲ.

ಮುಂದಿನದು ಕಸಿ ಮತ್ತು ಹೆಸರು ಬದಲಾವಣೆ. ಒಂದೇ ಹೆಸರಿನಲ್ಲಿ ಹಾಡುತ್ತಾ ಹೋದರೆ ಜನ ಗುರುತು ಹಿಡಿದುಬಿಡುವ ಅಪಾಯವಿದೆ. ಸನ್ ಬಿಟ್ಟ ರೈಲಿ ಒಮ್ಮೆ 'ಲೈಟ್ನಿಂಗ್ ಲಿಯಾನ್' ಆದ, ಇನ್ನೊಮ್ಮೆ 'ಮೆಗಾಟನ್ಸ್' ಎಂಬ ತಂಡವಾದ. ಜೇನ್ಸ್ ಜೊತೆ ಸೇರಿ ರೀಟಾ ಎಂಬ ಸ್ವಂತ ಕಂಪನಿ ಕಟ್ಟಿದ. ಅದರಿಂದ 1960ರಲ್ಲಿ ದೇಶವೆಲ್ಲ ಕೇಳಿದ ಹಾಡು ಬಂದೇ ಬಂತು, ಆದರೆ ಹಾಡಿದವನು ಹೆರಾಲ್ಡ್ ಡಾರ್ಮನ್ ಎಂಬ ಬೇರೊಬ್ಬ. ಲಾಸ್ ಏಂಜಲೀಸ್‌ಗೆ ಹೋಗಿ ಬೇರೆಯವರ ರೆಕಾರ್ಡುಗಳಿಗೆ ನುಡಿಸಿದ. 1964ರಲ್ಲಿ ಬೀಟಲ್ಸ್ ಜ್ವರ ಹಬ್ಬಿದಾಗ ಕಂಪನಿಯವರು ಅವನ ಬಾಯಿಗೆ ಹಾರ್ಮೋನಿಕಾ ಕೊಟ್ಟು 'ಹಾರ್ಮೋನಿಕಾ ಬೀಟಲ್‌ಮೇನಿಯಾ' ಎಂಬ ಎಲ್‌ಪಿ ತೆಗೆದರು. ಬಾಯಲ್ಲಿ ವಾದ್ಯವಿದ್ದರೆ ಹಾಡಲು ಆಗುವುದಿಲ್ಲ ಎಂಬುದು ಈ ವಿಧಾನದ ವಿಶೇಷ ಅನುಕೂಲ. 1972ರಲ್ಲಿ ಟೋನಿ ಜೋ ವೈಟ್ ಬರೆದ 'ಐ ಹ್ಯಾವ್ ಗಾಟ್ ಅ ಥಿಂಗ್ ಅಬೌಟ್ ಯು ಬೇಬಿ' ಹಾಡಿದ. ಅದು ಬಿಲ್‌ಬೋರ್ಡ್ ಪತ್ರಿಕೆಯ ನೂರು ಜನಪ್ರಿಯ ಹಾಡುಗಳ ಪಟ್ಟಿಯ ತಳಕ್ಕೆ ಅಂಟಿಕೊಂಡಿತು. ಎರಡು ವರ್ಷಕ್ಕೆ ಅದೇ ಹಾಡು ಎಲ್ವಿಸ್ ದನಿಯಲ್ಲಿ ಬಂದು ಮೊದಲ ನಲವತ್ತರೊಳಗೆ ಕೂತಿತು. ಗಿಡ ಈಗ ಹದಕ್ಕೆ ಬಂತು ಎಂದು ತಿಳಿಯಿರಿ. ರೈಲಿ ಸಂಗೀತ ಬಿಟ್ಟು ಅರ್ಕನ್ಸಾಗೆ ಮರಳಿ ಕಟ್ಟಡ ಕೆಲಸದ ವ್ಯವಹಾರ ಶುರು ಮಾಡಿದ.

ಆಗಲೇ ಕೊಯ್ಲುಗಾರರು ಬಂದರು. 1977ರಲ್ಲಿ ಗಾಯಕ ರಾಬರ್ಟ್ ಗೋರ್ಡನ್, ಗಿಟಾರ್ ವಾದಕ ಲಿಂಕ್ ರೇ ಸೇರಿ 'ರೆಡ್ ಹಾಟ್' ಅನ್ನು ಮತ್ತೆ ಹಾಡಿ ಗೆದ್ದರು. ಯೂರೋಪಿನ ರಾಕಬಿಲಿ ಹುಚ್ಚರು ಹಳೆಯ ಸನ್ ರೆಕಾರ್ಡುಗಳನ್ನು ಹುಡುಕಿಕೊಂಡು ಹೊರಟರು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ಅವನ 1956ರಿಂದ 1960ರವರೆಗಿನ ಹಾಡುಗಳನ್ನು ಗುಡಿಸಿ ಸಿ.ಡಿ.ಗೆ ತುಂಬಿತು. ಒಂದು ಕಾಲಕ್ಕೆ ವಿತರಕನ ಗೋದಾಮಿನಿಂದ ಹೊರಡದೆ ಕೂತದ್ದೇ ಈಗ ಅಪರೂಪದ ಮಾಲು. ಹೊರಡದಿದ್ದರಿಂದಲೇ ಅಪರೂಪ, ಅಪರೂಪವಾದ್ದರಿಂದಲೇ ಬೆಲೆ. ಹಳೆಯ ರೆಕಾರ್ಡು ಕೈ ಬದಲಿಸಿದರೆ ಹಾಡಿದವನಿಗೆ ಬಿಡಿಗಾಸೂ ಇಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮಂಡಿ. ಅದಿರುವುದು ಕ್ಲೀವ್‌ಲ್ಯಾಂಡಿನಲ್ಲಿ: ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್, ಅಂದರೆ ಸಂಗೀತಗಾರರ ಕೀರ್ತಿಮಂದಿರ. ಸರೋವರದ ದಂಡೆಯಲ್ಲಿ ಐ.ಎಂ. ಪೇ ವಿನ್ಯಾಸ ಮಾಡಿದ ಗಾಜಿನ ಪಿರಮಿಡ್ಡು. ಮೊದಲ ರೆಕಾರ್ಡು ಬಂದು 25 ವರ್ಷವಾದರೆ ಅರ್ಹತೆ. ರೈಲಿಗೆ ಅದು 1981ರಲ್ಲೇ ತುಂಬಿತ್ತು, ಆಗಿನ್ನೂ ಆ ಸಂಸ್ಥೆಯೇ ಹುಟ್ಟಿರಲಿಲ್ಲ. 1986ರ ಮೊದಲ ತಂಡದಲ್ಲೇ ಸ್ಯಾಮ್, ಎಲ್ವಿಸ್, ಜೆರ್ರಿ ಲೀ ಒಳಗೆ ಹೋದರು. 2010ರಲ್ಲಿ ಸ್ವೀಡನ್ನಿನ ಪಾಪ್ ತಂಡ ಆಬಾ ಕೂಡ ಹೋಯಿತು. ರೈಲಿ ಅದಕ್ಕೂ ಮುಂಚೆ, 2009ರ ಆಗಸ್ಟಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡಿದ್ದ.

2015ರ ಫೆಬ್ರವರಿಯಲ್ಲಿ ಮ್ಯೂಸಿಕೇರ್ಸ್ ಎಂಬ ಕಲಾವಿದರ ನೆರವಿನ ಸಂಸ್ಥೆ ಹೆಸರಾಂತ ಹಾಡುಗಾರ ಬಾಬ್ ಡಿಲನ್‌ಗೆ ಸನ್ಮಾನ ಮಾಡಿತು. ಡಿಲನ್ ತನ್ನ ಮಾತಿನಲ್ಲಿ ರೈಲಿಯನ್ನೇ ಎಳೆದು ತಂದ. ರೈಲಿಯ ಕೊನೆಯ ಆರು ವರ್ಷ ಆಸ್ಪತ್ರೆ ಖರ್ಚು, ಮನೆ ಸಾಲದ ಕಂತು ಕಟ್ಟಿದ್ದು ಈ ಸಂಸ್ಥೆಯೇ ಎಂದು ನೆನೆದ. ಹಾಲ್ ಆಫ್ ಫೇಮಿನಲ್ಲಿ ಯಾರಾರೋ ಇದ್ದಾರೆ, ರೈಲಿ ಇನ್ನೂ ಇಲ್ಲ ಎಂದ. ಉದ್ಯಮ ಇಂಥವರನ್ನು 'ಒಂದೇ ಹಿಟ್‌ನ ವೀರ' ಎಂದು ಹಗುರವಾಗಿ ಕರೆಯುವುದನ್ನೂ ಚುಚ್ಚಿದ. ಪಾಪ, ಆ ಒಂದು ಹಿಟ್ಟನ್ನಾದರೂ ಆಗಲು ಬಿಟ್ಟಿದ್ದರೆ ಬಿರುದಿಗೆ ಅರ್ಥವಿರುತ್ತಿತ್ತು. ರಾಯಲ್ಟಿಯ ಬಾಗಿಲಿಂದ ಬರಬೇಕಾದದ್ದು ದಾನದ ಕಿಟಕಿಯಿಂದ ಬಂದಿತ್ತು. ಸಭಿಕರು ಚಪ್ಪಾಳೆ ತಟ್ಟಿದರು.

ಮಂಡಿಯವರಿಗೆ ತಪ್ಪು ತಿದ್ದಲು ಬರುವುದಿಲ್ಲ ಎಂದೇನಲ್ಲ. ಮುಖ್ಯ ಗಾಯಕನನ್ನು ಮಾತ್ರ ಒಳಗೆ ಬಿಟ್ಟು ಹೊರಗೆ ನಿಲ್ಲಿಸಿದ್ದ ಆರು ಹಳೆಯ ತಂಡಗಳನ್ನು 2012ರಲ್ಲಿ ಸಮಿತಿ ಮಾಡಿ ಸೇರಿಸಿಕೊಂಡರು. ಗಾಯಕ ಬಡ್ಡಿ ಹಾಲಿ ಒಳಗೆ ಹೋಗಿ 26 ವರ್ಷಕ್ಕೆ ಅವನ ತಂಡ ಕ್ರಿಕೆಟ್ಸ್ ಒಳಗೆ ಹೋಯಿತು. ಜೆರ್ರಿ ಲೀಯ ಹಿಂದೆ ನಿಂತು ಬಾರಿಸಿದ ರೈಲಿಯ ಹುಡುಗರಿಬ್ಬರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಜೇನ್ಸ್ 2013ರಲ್ಲಿ, ವ್ಯಾನ್ ಈಟನ್ 2024ರಲ್ಲಿ ತೀರಿಕೊಂಡರು. ಅವರದು ಪಕ್ಕದ ತಾಕು. ಕ್ರಮ ಇದೇ, ಎಲೆಯೂ ಅದೇ.