ಎಂತ ಉಂಟು?

ಹೋಟೆಲಿನಲ್ಲಿ ಕುಳಿತ ತಕ್ಷಣ "ಏನಿದೆ?" ಎಂದು ಕೇಳುತ್ತೇವಲ್ಲ, ಅದು ಪ್ರಶ್ನೆಯೇ ಅಲ್ಲ. ಏನೇನಿದೆ ಎಂದು ಎದುರಿನ ಗೋಡೆಯ ಮೇಲೆ ದರದ ಸಮೇತ ಬರೆದಿರುತ್ತದೆ. ನಾವು ಅದನ್ನು ಓದಿಯೂ ಆಗಿರುತ್ತದೆ. ಆದರೂ ಕೇಳುತ್ತೇವೆ. ಸಪ್ಲೈಯರ್ ಕೂಡ ಬೇಸರಿಸದೆ, ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸುತ್ತಾ, ಇಡ್ಲಿಯಿಂದ ಶುರುಮಾಡಿ ಮಸಾಲೆದೋಸೆಯವರೆಗೆ ಒಂದೇ ಉಸಿರಿನಲ್ಲಿ ಸಹಸ್ರನಾಮ ಮುಗಿಸುತ್ತಾನೆ. ಎಲ್ಲ ಕೇಳಿಸಿಕೊಂಡು, ಗಂಭೀರವಾಗಿ ಯೋಚಿಸಿ, ನಾವು "ಎರಡು ಇಡ್ಲಿ" ಎನ್ನುತ್ತೇವೆ.

ಕಳಸಕ್ಕೆ ಕೆಲಸದ ಮೇಲೆ ಬಂದ ಮೊದಲ ಸಂಜೆ ನಾನೂ ಹೀಗೇ ಕೇಳಿದ್ದೆ. ನನ್ನದು ಚಿತ್ರದುರ್ಗದ ಕಡೆಯ ನಾಲಿಗೆ. "ಏನೈತಪ್ಪಾ?" ಎಂದೆ. ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ, "ಎಂತ ಉಂಟು ಅಂತ್ಲಾ?" ಎಂದು ನನ್ನ ಪ್ರಶ್ನೆಯನ್ನು ಊರಿನ ಭಾಷೆಗೆ ತಂದುಕೊಂಡು ಆಮೇಲೆ ಉತ್ತರ ಹೇಳಿದ. ಗೋಳಿಬಜೆ, ಬನ್ಸ್, ನೀರ್‌ದೋಸೆ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ತಿರುವು ತಿರುವಿನಲ್ಲಿ ಹೊಟ್ಟೆ ತೊಳಸಿಕೊಂಡು ಬಂದಿದ್ದ ನನಗೆ ಬನ್ಸ್ ಎಂದರೆ ಬೇಕರಿಯದೆಂಬ ಕಲ್ಪನೆ. ಬಂದದ್ದು ಕಂದುಬಣ್ಣದ ಉಬ್ಬಿದ ಪೂರಿ. ಕಚ್ಚಿದರೆ ಸಿಹಿ. ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಲಸಿ ಕರಿದದ್ದಂತೆ. ಜೊತೆಗೆ ಖಾರದ ಸಾಂಬಾರು! ಸಿಹಿಯನ್ನು ಸಾಂಬಾರಿಗೆ ಅದ್ದುವ ಈ ಜನರನ್ನು ನಂಬಬಹುದೇ ಎಂಬ ಅನುಮಾನದಲ್ಲೇ ಎರಡು ಮುಗಿಸಿ ಮೂರನೆಯದನ್ನು ತರಿಸಿಕೊಂಡೆ.

ಇದು ಘಟ್ಟದ ಮೇಲಿನ ಊರು, ಸುತ್ತ ಗುಡ್ಡ, ನಡುವಿನ ಬಟ್ಟಲಿನಲ್ಲಿ ಪೇಟೆ, ಬಳಸಿಕೊಂಡು ಹೋಗುವ ಭದ್ರೆ. ಆದರೆ ಹೋಟೆಲಿನ ಒಲೆಯ ಮೇಲೆ ಇರುವುದು ಕರಾವಳಿ. ಇದೇಕೆ ಹೀಗೆ ಎಂದು ತಲೆ ಕೆಡಿಸಿಕೊಂಡಾಗ ಒಬ್ಬ ಮೇಷ್ಟ್ರು ಚರಿತ್ರೆ ತೆಗೆದರು. ಹಿಂದೆ ಇದು ಕಳಸ-ಕಾರ್ಕಳ ರಾಜ್ಯ. ಭೈರರಸರು ಘಟ್ಟದ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು ಇಟ್ಟು ಆಳಿದವರು. ರಾಜ್ಯ ಹೋಯಿತು, ಅರಸರು ಹೋದರು. ಗೋಳಿಬಜೆ ಮಾತ್ರ ಇನ್ನೂ ಘಟ್ಟ ಹತ್ತುತ್ತಲೇ ಇದೆ. ಚರಿತ್ರೆಯನ್ನು ಶಾಸನದಲ್ಲಷ್ಟೇ ಹುಡುಕುವವರು ಒಮ್ಮೆ ಸಂಜೆ ನಾಲ್ಕೂವರೆಗೆ ಎಣ್ಣೆ ಬಾಣಲೆಯ ಪಕ್ಕ ನಿಲ್ಲಬೇಕು.

ಕಾಫಿಯ ವಿಷಯ ಹೇಳಿದರೆ ಊರಿನವರಿಗೆ ಬೇಸರವಾದೀತು, ಆದರೂ ಹೇಳುತ್ತೇನೆ. ಕಣ್ಣು ಹಾಯಿಸಿದಲ್ಲೆಲ್ಲ ಕಾಫಿ ಗಿಡ. ಜನವರಿಯಲ್ಲಿ ಅಂಗಳಗಳಲ್ಲಿ ಹಣ್ಣು ಒಣಗುವ ಹುಳಿಹುಳಿ ವಾಸನೆ. ಇಂಥ ಊರಿನಲ್ಲಿ ನಾನು ಕುಡಿದ ಹೋಟೆಲ್ ಕಾಫಿ ಚಿಕೋರಿ ಮತ್ತು ಸಕ್ಕರೆಯ ಜಂಟಿ ಉದ್ಯಮವಾಗಿತ್ತು. ಒಳ್ಳೆಯ ಬೀಜವೆಲ್ಲ ಕ್ಯೂರಿಂಗ್ ವರ್ಕ್ಸ್ ದಾರಿ ಹಿಡಿದು ಹಡಗು ಹತ್ತುತ್ತದೆ. ಊರಿನಲ್ಲಿ ಒಳ್ಳೆಯ ಕಾಫಿ ಬೇಕೆಂದರೆ ಯಾರದಾದರೂ ಮನೆಯ ಜಗಲಿ ಹತ್ತಬೇಕು. ಅಲ್ಲಿ ಬೆಲ್ಲದ ಕಾಫಿ ಸಿಗುತ್ತದೆ, ಸ್ಟೀಲ್ ಲೋಟದ ತುಂಬ. ಬೇಡ ಎಂದರೆ ಅರ್ಧ ಲೋಟ. ಖಂಡಿತ ಬೇಡ ಎಂದರೆ ಕಷಾಯ.

ಹೋಟೆಲುಗಳನ್ನು ಬೈದು ಪ್ರಯೋಜನವಿಲ್ಲ. ಅವರ ಕಷ್ಟ ಬೇರೆ. ಇಲ್ಲಿಂದ 8 ಕಿಲೋಮೀಟರ್ ದೂರದಲ್ಲಿ ಹೊರನಾಡು. ಅಲ್ಲಿ ಬಂದವರಿಗೆಲ್ಲ ಊಟ. ಪುಕ್ಕಟೆ ಬಡಿಸಿ ಗೆದ್ದವರನ್ನು ಕಾಸು ತೆಗೆದುಕೊಂಡು ಸೋಲಿಸುವುದು ಹೇಗೆ? ಅದೂ ಎದುರು ನಿಂತಿರುವುದು ಸಾಕ್ಷಾತ್ ಅನ್ನಪೂರ್ಣೇಶ್ವರಿ! ಅದಕ್ಕೇ ಕಳಸದ ಹೋಟೆಲುಗಳು ಊಟದ ಕಡೆ ಹೆಚ್ಚು ತಲೆ ಹಾಕದೆ ತಿಂಡಿಗೆ ಒತ್ತು ಕೊಟ್ಟಿವೆ ಎಂಬುದು ನನ್ನ ಸ್ವಂತ ಸಂಶೋಧನೆ. ಇದನ್ನು ಯಾರೂ ಒಪ್ಪಿಲ್ಲ.

ಮೂರು ತಿಂಗಳು ಇಡ್ಲಿ, ಬನ್ಸ್, ಗೋಬಿ ಮಂಚೂರಿಗಳಲ್ಲಿ ಕಳೆದು, ಮಲೆನಾಡಿನ ಅಡುಗೆ ಎಂಬುದು ಬಯಲುಸೀಮೆಯವರನ್ನು ಮರುಳು ಮಾಡಲು ಹಬ್ಬಿಸಿದ ಸುದ್ದಿ ಎಂದು ತೀರ್ಮಾನಿಸುವ ಹೊತ್ತಿಗೆ ಮಳೆ ಹಿಡಿಯಿತು. ಹಿಡಿಯಿತು ಎಂದರೆ ಹಿಡಿದೇಬಿಟ್ಟಿತು. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯತೊಡಗಿತು, ಯಾತ್ರಿಕರು ವಿರಳವಾದರು, ಕರೆಂಟು ಹೋದದ್ದು ಎರಡು ದಿನ ಬರಲಿಲ್ಲ. ಸಂಜೆ ಆರಕ್ಕೇ ಹೋಟೆಲುಗಳ ಬಾಗಿಲು. ಬಾಡಿಗೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು, ಅಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದೆ. ಬಾಗಿಲು ಬಡಿಯಿತು. ಮನೆ ಮಾಲೀಕರ ಮೊಮ್ಮಗಳು ಕಂಬಳಿಕೊಪ್ಪೆಯೊಳಗಿಂದ ಒಂದು ಸ್ಟೀಲ್ ಡಬ್ಬಿ ಚಾಚಿ, "ಅಜ್ಜಿ ಕೊಟ್ರು" ಎಂದು ಓಡಿದಳು.

ಡಬ್ಬಿಯಲ್ಲಿ ಬಿಸಿ ಕುಸುಬಲಕ್ಕಿ ಅನ್ನ, ಅದರ ಮೇಲೆ ಕೂರಿಸಿದ ಪುಟ್ಟ ಬಟ್ಟಲಿನಲ್ಲಿ ಒಂದೆಲಗದ ತಂಬುಳಿ, ಬದಿಯಲ್ಲಿ ಸುಟ್ಟ ಹಲಸಿನ ಹಪ್ಪಳ, ಒಂದು ಮಿಡಿ ಉಪ್ಪಿನಕಾಯಿ. ಮಿಡಿಗೆ ಜೀರಿಗೆಯ ಘಮ. ಜೀರಿಗೆ ಹಾಕಿದ್ದಲ್ಲ, ಆ ಮರದ ಕಾಯಿಗೇ ಆ ಪರಿಮಳ ಎಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಮರ ಎಲ್ಲಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಈ ಸೀಮೆಯಲ್ಲಿ ಆಸ್ತಿ ಪತ್ರ ತೋರಿಸಿಯಾರು, ಜೀರಿಗೆ ಮಿಡಿಯ ಮರ ತೋರಿಸುವುದಿಲ್ಲ.

ಈಗ ಸಮಸ್ಯೆ, ಡಬ್ಬಿ ಹಿಂತಿರುಗಿಸುವುದು. ಖಾಲಿ ಕೊಡುವಂತಿಲ್ಲ ಎಂಬುದು ನಮ್ಮ ಕಡೆಯೂ ಇರುವ ಕಟ್ಟಳೆ. ಒಂಟಿ ಗಂಡಸು ಏನು ತುಂಬಿಸಿಯಾನು? ತೊಳೆದು ಶೇಂಗಾ ಚಟ್ನಿಪುಡಿ ತುಂಬಿಸಿದೆ. ಮರುದಿನ ಅಜ್ಜಿ ಸ್ವತಃ ಮೆಟ್ಟಿಲ ಬಳಿ ನಿಂತು, "ಇದು ಎಂತ ಮಾರಾಯ್ರೆ, ಇಷ್ಟು ಲಾಯ್ಕ ಉಂಟು!" ಎಂದರು. ಅಂದಿನಿಂದ ನನ್ನ ಚಟ್ನಿಪುಡಿಗೆ ಆ ಕೇರಿಯಲ್ಲಿ ನಾಣ್ಯದ ಬೆಲೆ ಬಂತು. ಅಮ್ಮನಿಗೆ ಫೋನ್ ಮಾಡಿ ತಿಂಗಳಿಗೆ ಎರಡು ಕೆ.ಜಿ. ತರಿಸತೊಡಗಿದೆ. ಮಗ ಅಲ್ಲಿ ಉಪವಾಸವಿದ್ದಾನೆಂದು ಅವಳು ಅತ್ತಳಂತೆ.

ಆ ಡಬ್ಬಿಯಿಂದ ನಾನು ಕಳಸವನ್ನು ಕಲಿತೆ. ಒಲೆಯ ಮೇಲಿನ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿಗಳು ಮಳೆಗಾಲದುದ್ದಕ್ಕೂ ಒಂದೊಂದಾಗಿ ಇಳಿಯುತ್ತವೆ. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ ಆಟಿ ತಿಂಗಳ ಮಳೆಯಲ್ಲಿ ಪಲ್ಯವಾಗುತ್ತದೆ. ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು. ಡಬ್ಬಿ ತೆರೆದರೆ ಕೋಣೆಯೇ ಘಮ್ಮೆನ್ನುತ್ತಿತ್ತು. ಮಳೆ ಹೊರಗೆ ಹೋಗಲು ಬಿಡದಿದ್ದಾಗ ಮನೆಯೊಳಗಿನ ಅಟ್ಟ ಇಳಿದು ಬರುವ ಊಟ ಇದು. ಹೋಟೆಲಿಗೆ ಅಟ್ಟವೆಲ್ಲಿಯದು?

ಕಳಲೆಯ ಕಥೆಯಲ್ಲಿ ಮಾತ್ರ ನನ್ನ ಮರ್ಯಾದೆ ಹೋಯಿತು. ಯಾರೋ ಎಳೆ ಬಿದಿರು ಮೊಳಕೆ ಕೊಟ್ಟರು. ಎಳೆ ತೆಂಗಿನ ತಿರುಳಿನಂತೆ ಬೆಳ್ಳಗೆ, ಮುದ್ದಾಗಿತ್ತು. ಆವತ್ತೇ ಹೆಚ್ಚಿ ಒಗ್ಗರಣೆಗೆ ಹಾಕಲು ಹೊರಟವನನ್ನು ಅಜ್ಜಿ ಕೂಗಿ ನಿಲ್ಲಿಸಿದರು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮೂರು ದಿನ ಬಿಟ್ಟು ಬೇಯಿಸಬೇಕು. ಅಜ್ಜಿ ಸಯನೈಡ್ ಎನ್ನಲಿಲ್ಲ. "ನಂಜು" ಎಂದರು. ಮೊದಲು ಕಂಡುಹಿಡಿದವರು ಎಷ್ಟು ಜನ ಸತ್ತು ಮೂರು ದಿನ ಎಂಬ ಲೆಕ್ಕಕ್ಕೆ ಬಂದಿರಬಹುದು ಎಂದು ಯೋಚಿಸುತ್ತಾ ಮೂರು ದಿನ ಪಾತ್ರೆ ಕಾದೆ.

ಇದೆಲ್ಲ ಒಂದು ಮನೆಯ ಅಡುಗೆ. ಊರಿಗೆ ಒಂದೇ ಅಡುಗೆಮನೆ ಇರುವುದಿಲ್ಲ. ಸಹೋದ್ಯೋಗಿಯೊಬ್ಬರ ತೋಟದ ಮನೆಯಲ್ಲಿ ಅಕ್ಕಿ ತರಿಯ ಉಂಡೆಗಡುಬು, ನಾಟಿಕೋಳಿ ಸಾರು. ಹೊಸ ಮಳೆಗೆ ಹಳ್ಳದಲ್ಲಿ ನೀರಿಗೆದುರಾಗಿ ಏರುವ ಹತ್ತುಮೀನು. ಗದ್ದೆಯಂಚಿನ ಏಡಿಯ ಸಾರಂತೂ ತಿನ್ನುವುದಕ್ಕಿಂತ ಹೆಚ್ಚಾಗಿ ಚೀಪುವ, ಮಾತಿಲ್ಲದೆ ಒಂದು ಗಂಟೆ ಹಿಡಿಯುವ ಕೆಲಸ. ಕಡಲ ಮೀನಿನ ಗಾಡಿ ಮಂಗಳೂರು ಕಡೆಯಿಂದ ಬರುತ್ತದೆ. ಜೂನ್ 1ರಿಂದ 61 ದಿನ ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ; ಆಗ ಗಾಡಿಯಲ್ಲಿ ಐಸು ಜಾಸ್ತಿ, ಮೀನು ಕಡಿಮೆ, ಬೆಲೆ ಕೇಳುವುದೇ ಬೇಡ. ಆ ದಿನಗಳಲ್ಲಿ ಒಣಮೀನು ಸುಡುವ ವಾಸನೆ ಮಳೆಯ ಗಾಳಿಯಲ್ಲಿ ಪೇಟೆಯಿಡೀ ತಿರುಗುತ್ತದೆ. ಸಸ್ಯಾಹಾರಿ ಅಜ್ಜಿ ಕಿಟಕಿ ಮುಚ್ಚುತ್ತಿದ್ದರು, ಆದರೆ ಬೈದದ್ದು ಕೇಳಿಲ್ಲ.

ಕಳಸದಿಂದ ವರ್ಗವಾಗಿ ಬಂದು ಈಗ ಕೆಲವು ವರ್ಷವಾಯಿತು. ಅಜ್ಜಿ ಇಲ್ಲ. ಹೋದ ಶ್ರಾವಣದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾತ್ರಿಕನ ಹಾಗೆ ಹೋದೆ. ಮೆಟ್ಟಿಲು ಹತ್ತಿ ಕಳಸೇಶ್ವರನಿಗೆ ಕೈಮುಗಿದು, ಇಳಿದು, ಅದೇ ಹಳೆಯ ಹೋಟೆಲಿನಲ್ಲಿ ಕುಳಿತೆವು. ಬೋರ್ಡಿಗೆ ಹೊಸ ಬಣ್ಣ ಬಂದಿತ್ತು, ನೂಡಲ್ಸ್ ಸೇರಿತ್ತು. ಮಕ್ಕಳು ಅದನ್ನೇ ಬೆರಳಿಟ್ಟು ತೋರಿಸಿದರು. ಸಪ್ಲೈಯರ್ ಹೊಸಬ. ನಾನು ಗೋಡೆ ನೋಡದೆ, "ಎಂತ ಉಂಟು?" ಎಂದೆ.

ಅವನು ಸಹಸ್ರನಾಮ ಶುರುಮಾಡಿದವನು ನಡುವೆ ನಿಲ್ಲಿಸಿ, "ಸಾರ್, ನೀವು ಇಲ್ಲಿಯವರಾ?" ಎಂದ. ಇದ್ದೆ, ಎಂದೆ. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದ: "ಒಳಗೆ ನಮಗೆ ಅಂತ ಪತ್ರೊಡೆ ಮಾಡಿದ್ದಾರೆ. ಮರಕೆಸದ್ದು. ಎರಡು ತುಂಡು ತರ್ಲಾ?"

ತಂದ. ಮರದ ಮೇಲೆ ಬೆಳೆಯುವ ಕೆಸುವಿನ ಎಲೆಗೆ ಅರೆದ ಅಕ್ಕಿ ಮಸಾಲೆ ಸವರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ, ಬಿಲ್ಲೆಯಾಗಿ ಕೊಯ್ದು, ಬೆಲ್ಲ ಕಾಯಿಯ ಒಗ್ಗರಣೆಯಲ್ಲಿ ಹೊರಳಿಸಿದ್ದು. ಹೆಂಡತಿ ಒಂದು ತುಂಡು, ನಾನು ಮೂರು; ಎರಡು ಎಂದು ತಂದದ್ದು ನಾಲ್ಕಾಗಿತ್ತು. ಹುಣಸೆಹುಳಿ ಒಂದು ಚೂರು ಕಡಿಮೆಯಾಗಿತ್ತೆಂದು ಕಾಣುತ್ತದೆ. ಹುಳಿ ಸಾಲದಿದ್ದರೆ ಕೆಸು ಸುಮ್ಮನಿರುವುದಿಲ್ಲ. ಗಂಟಲಲ್ಲಿ ಸಣ್ಣಗೆ ಶುರುವಾದ ಕೆರೆತ ಕೊಟ್ಟಿಗೆಹಾರ ದಾಟಿದರೂ ಇಳಿಯಲಿಲ್ಲ. ನಾನು ಕೆಮ್ಮುತ್ತಾ ಕಾರು ಓಡಿಸುತ್ತಿದ್ದರೆ ಪಕ್ಕದಲ್ಲಿ ಹೆಂಡತಿ, ನಮ್ಮ ದುರ್ಗದಲ್ಲಿ ಮರಕೆಸು ಬೆಳೆಯುತ್ತದೆಯೇ ಎಂದು ಕೇಳುತ್ತಿದ್ದಳು.