ವಾಕಿಂಗ್‌ಗೆ ಪಾರ್ಕಿಂಗ್ ಎಲ್ಲಿ ಸಾರ್?

ನಮ್ಮ ಮೈಸೂರಿನ ಸರಸ್ವತಿಪುರಂ ಕಡೆ ಒಂದು ವಾಟ್ಸಾಪ್ ಗುಂಪಿದೆ. ಹೆಸರು 'ಮುಂಜಾನೆ ಹುಲಿಗಳು'. ಒಟ್ಟು 14 ಹುಲಿಗಳು. ಅಡ್ಮಿನ್ ಸಾಹೇಬರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಹಾಗಾಗಿ ವಾಕಿಂಗ್‌ಗೂ ಹಾಜರಿ, ಬಾಕಿ, ಬಡ್ಡಿ ಎಲ್ಲಾ ಇದೆ. ಒಂದು ದಿನ ತಪ್ಪಿಸಿದವರು ಮರುದಿನ ಎರಡು ಸಾವಿರ ಹೆಜ್ಜೆ ಜಾಸ್ತಿ ಹಾಕಬೇಕು. ಸಾಲಗಾರರಲ್ಲಿ ನಾನೇ ಮೊದಲಿಗ. ಲೆಕ್ಕ ಚುಕ್ತಾ ಆಗಬೇಕಾದರೆ ನಾನೀಗ ಮಂಡ್ಯಕ್ಕೆ ನಡೆದು ಹೋಗಿ, ಅಲ್ಲಿ ಟೀ ಕುಡಿದು, ನಡೆದೇ ವಾಪಸ್ ಬರಬೇಕು.

ಗುಂಪು ಹುಟ್ಟಿದ್ದು ಒಂದು ಭಾಷಣದಿಂದ. ಕಲ್ಯಾಣ ಮಂಟಪವೊಂದರಲ್ಲಿ ಕೆನ್ನೆಗೆ ಮೈಕು ಅಂಟಿಸಿಕೊಂಡ ಮೋಟಿವೇಶನ್ ಗುರುಗಳು ಬಂದಿದ್ದರು. "ಒಳ್ಳೆ ಅಭ್ಯಾಸವನ್ನು ಸುಲಭ ಮಾಡಿಕೊಳ್ಳಿ. ಬೇಜಾರಾಗದ ಹಾಗೆ ದಿನಚರಿಯನ್ನು ಆಗಾಗ ಬದಲಾಯಿಸಿ. 21 ದಿನ ಮಾಡಿದರೆ ಆಯ್ತು, ಅದು ನಿಮ್ಮದೇ" ಅಂದರು. ಮೊದಲ ಎರಡು ಮಾತು ಒಳ್ಳೆಯವೇ. ಆದರೆ ಕೇಳಿಸಿಕೊಂಡವರು ನಾವು.

ಆ 21ರ ಕತೆ ಮಜವಾಗಿದೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದದ್ದು ಅದು. ಆಪರೇಶನ್ ಮಾಡಿಸಿಕೊಂಡವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡೇಪಕ್ಷ 21 ದಿನ ಬೇಕು ಅಂತ. ಸಮುದ್ರ ದಾಟಿ ಬರುವಾಗ 'ಕಡೇಪಕ್ಷ' ನೀರಿಗೆ ಬಿತ್ತು. ನಮ್ಮ ಗುಂಪಿನಲ್ಲಿ ಯಾರೂ ಮೂಗು ರಿಪೇರಿ ಮಾಡಿಸಿಕೊಂಡಿಲ್ಲ, ಆದರೂ 21 ನಮಗೆ ಶಾಸ್ತ್ರ. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದರು. ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿಯಿತಂತೆ. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೂ ದೊಡ್ಡ ನಷ್ಟವಿಲ್ಲ ಅಂತಲೂ ಗೊತ್ತಾಯಿತು. ಇದನ್ನೆಲ್ಲ ಗುಂಪಿಗೆ ಕಳಿಸಿದೆ. ಕೊನೆಯ ವಾಕ್ಯ ಒಂದನ್ನು ಮಾತ್ರ ಸರ್ವಾನುಮತದಿಂದ ಒಪ್ಪಿಕೊಂಡರು. ಮಾರನೇ ದಿನವೇ 11 ಜನ ತಪ್ಪಿಸಿದರು.

ಈಗ ಸುಲಭ ಮಾಡುವ ವಿಷಯಕ್ಕೆ ಬರೋಣ. ಶೂ ಮಂಚದ ಪಕ್ಕ ಬಂತು. ಬಾಟಲಿ, ಟೋಪಿ ಬಾಗಿಲ ಹಿಂದೆ ಬಂದವು. ಆದರೂ ಕುಕ್ಕರಹಳ್ಳಿ ಕೆರೆ ಮಾತ್ರ ಇದ್ದಲ್ಲೇ ಇತ್ತು, ಒಂದು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ. ಹಾಗಾಗಿ ಕಾರು ತೆಗೆದೆವು. ನಡೆಯುವ ಜಾಗಕ್ಕೆ ನಡೆದು ಹೋದರೆ ಸುಸ್ತಾಗುತ್ತದೆ, ಸುಸ್ತಾದ ಮೇಲೆ ನಡೆಯುವುದು ಹೇಗೆ ಅಂತ ಅಡ್ಮಿನ್ ಸಾಹೇಬರು ಕೇಳಿದರು. ಬ್ಯಾಂಕಿನವರು, ಎಲ್ಲಿ ಉಳಿಸಬೇಕು ಅಂತ ಅವರಿಗೆ ಗೊತ್ತು.

ಬೆಳಗ್ಗೆ ಆರಕ್ಕೆ ಕೆರೆ ಗೇಟಿನ ಹತ್ತಿರ ಬಂದು ನೋಡಬೇಕು ನೀವು. ಸಂತೆ! ಗೇಟಿಗೆ ಹತ್ತಿರವೇ ಜಾಗ ಸಿಗಲಿ ಅಂತ ನಾಲ್ಕು ರೌಂಡು ಹೊಡೆಯುತ್ತೇವೆ. ಒಳಗೆ ಹೋಗಿ ಒಂದೂ ಪೂರ್ತಿ ರೌಂಡು ಹಾಕುವುದಿಲ್ಲ. ಕುವೆಂಪು ಇದೇ ಕೆರೆ ಏರಿ ಮೇಲೆ ನಡೆದಾಡಿ ಕವಿತೆ ಕಟ್ಟಿದರು. ಅವರಿಗೆ ಹೆಜ್ಜೆ ಎಣಿಸುವ ವಾಚು ಇರಲಿಲ್ಲ, ಪಾಪ.

ನಡೆದೇ ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಒಂದು ದಿನ ನಾನು ಬಂದೆ. ಫುಟ್‌ಪಾತ್ ಮೊಣಕಾಲೆತ್ತರ, ಹತ್ತಲು ಬೇರೆಯವರ ಕೈ ಬೇಕು. ಹತ್ತಿದ ಮೇಲೆ ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಇಳಿದೆ. ಮತ್ತೆ ಹತ್ತಿದೆ. ಮುಚ್ಚಳ ಇಲ್ಲದ ಚರಂಡಿ. ಆಮೇಲೆ ಸಂಬಂಧಪಟ್ಟವರು ನಟ್ಟ ನಡುವೆ ನೆಟ್ಟ ಬೋರ್ಡು: 'ದಿನವೂ ನಡೆಯಿರಿ, ಆರೋಗ್ಯವಾಗಿರಿ'. ಅದನ್ನು ದಾಟಲು ರಸ್ತೆಗೆ ಇಳಿದಾಗ ಒಂದು ಕಾರು ಹಾರ್ನ್ ಹೊಡೆದು ಪಕ್ಕದಲ್ಲೇ ಹಾದು ಹೋಯಿತು. ಒಳಗೆ ಇಬ್ಬರು ಹುಲಿಗಳು, ಟ್ರ್ಯಾಕ್ ಸೂಟಿನಲ್ಲಿ. ಮುಂದಿನ ಫುಟ್‌ಪಾತ್ ಪೂರ್ತಿ ವಾಕಿಂಗ್‌ಗೆ ಬಂದವರ ಕಾರುಗಳೇ. ಫುಟ್‌ಪಾತ್ ಸರಿ ಇಲ್ಲ ಅಂತ ಕಾರು ತರುತ್ತೇವೆ, ಕಾರು ನಿಲ್ಲಿಸಿದ್ದರಿಂದ ಫುಟ್‌ಪಾತ್ ಸರಿ ಇಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅನ್ನುವುದೂ 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ನಮ್ಮಲ್ಲೊಬ್ಬರು ವಾಚನ್ನು ಮೊಮ್ಮಗನ ಕಾಲಿಗೆ ಕಟ್ಟುತ್ತಾರೆ. ಸಂಜೆಗೆ ಹದಿನೆಂಟು ಸಾವಿರ. ಅವರಿಗೆ ಮೈಸೂರು ಪೇಟ ತೊಡಿಸಿ 'ತಿಂಗಳ ಹುಲಿ' ಅಂತ ಸನ್ಮಾನ ಮಾಡಿದೆವು.

ದಿನಚರಿ ಹಳಸಬಾರದು ಅಂತ ತಿಂಗಳಿಗೊಂದು ಹೊಸ ದಾರಿ. ಒಂದು ತಿಂಗಳು ಲಲಿತಮಹಲ್ ರಸ್ತೆ, ಯಾಕೆಂದರೆ ವಾಪಸ್ ಬರುವಾಗ ನಜರ್‌ಬಾದಿನಲ್ಲಿ ಬೆಣ್ಣೆ ದೋಸೆ. ಇನ್ನೊಂದು ತಿಂಗಳು ಅಗ್ರಹಾರ, ಇಡ್ಲಿಗಾಗಿ. ನಿಜ ಹೇಳಬೇಕೆಂದರೆ ಮೊದಲು ಹೋಟೆಲ್ ಗೊತ್ತಾಗುತ್ತದೆ, ಆಮೇಲೆ ಅದರ ಹತ್ತಿರ ನಡೆಯಲು ಜಾಗ ಹುಡುಕುತ್ತೇವೆ. ಗುರುಗಳು ಹೇಳಿದ ಸೂತ್ರಗಳೆಲ್ಲ ದೋಸೆಗೆ ಚೆನ್ನಾಗಿ ಹೊಂದುತ್ತವೆ. ಹತ್ತಿರವಿದೆ, ಸುಲಭ, ಜೊತೆಗೆ ಗೆಳೆಯರು, ಫಲ ತಕ್ಷಣ. 21 ದಿನವೂ ಬೇಕಾಗಲಿಲ್ಲ. ಒಂದೇ ದಿನಕ್ಕೆ ಕೂತಿತು.

ಬರೀ ನಮ್ಮ ಹುಲಿಗಳನ್ನು ಬೈದು ಏನು ಪ್ರಯೋಜನ? ಊರೇ ಹಾಗೆ. 2017ರ ಜೂನ್ 21ರಂದು ರೇಸ್‌ಕೋರ್ಸಿನಲ್ಲಿ 55,506 ಜನ ಒಟ್ಟಿಗೆ ಯೋಗ ಮಾಡಿ ಗಿನ್ನೆಸ್ ದಾಖಲೆ ಹೊಡೆದೆವು. ಮರುವರ್ಷ ರಾಜಸ್ಥಾನದ ಕೋಟಾದವರು ಲಕ್ಷ ಜನರನ್ನು ಸೇರಿಸಿ ಅದನ್ನು ಕಿತ್ತುಕೊಂಡರು. ನಮಗೆ ಆಗ ಆದ ಹೊಟ್ಟೆಯುರಿ ಯಾವ ಆಸನಕ್ಕೂ ಬಗ್ಗಲಿಲ್ಲ. ಜೂನ್ 22ರಂದು ಎಷ್ಟು ಜನ ಮಾಡಿದರು ಅಂತ ಗಿನ್ನೆಸ್‌ನವರು ಎಣಿಸುವುದಿಲ್ಲ, ನಾವೂ ಕೇಳುವುದಿಲ್ಲ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಕಲಿಸಿದ ಯೋಗವನ್ನು ಹುಡುಕಿಕೊಂಡು ಪರದೇಶದವರು ನಮ್ಮೂರ ಗೋಕುಲಂ ಬಡಾವಣೆಗೆ ಬರುತ್ತಾರೆ, ಕತ್ತಲಲ್ಲೇ ಎದ್ದು ಚಾಪೆ ಸುತ್ತಿಕೊಂಡು ಹೊರಡುತ್ತಾರೆ. ನಾವು ಕಾರಿನ ಗಾಜು ಇಳಿಸಿ "ಏನ್ ಶಿಸ್ತು ಅಲ್ವಾ!" ಅಂತೀವಿ. ಗಾಜು ಏರಿಸ್ತೀವಿ.

ಮೊನ್ನೆ ಅಡ್ಮಿನ್ ಸಾಹೇಬರು ಮುಂದಿನ ತಿಂಗಳ ದಾರಿ ಪ್ರಕಟಿಸಿದರು. ಚಾಮುಂಡಿ ಬೆಟ್ಟ. ಸಾವಿರ ಚಿಲ್ಲರೆ ಮೆಟ್ಟಿಲು, ಕಾಲ್ನಡಿಗೆಯಲ್ಲೇ. ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬರು ಕೇಳಿದರು: "ಪಾದದ ಹತ್ತಿರ ಪಾರ್ಕಿಂಗ್ ಇದೆಯಾ ಸಾರ್?" ಅದಕ್ಕೆ ಇನ್ನೊಬ್ಬರು: "ಪಾದ ಯಾಕೆ? ಒಳ್ಳೆ ಅಭ್ಯಾಸನ ಸುಲಭ ಮಾಡ್ಕೋಬೇಕು ಅಂತ ಗುರುಗಳೇ ಹೇಳಿದ್ರಲ್ಲ. ಕಾರಲ್ಲಿ ಮೇಲೆ ಹೋಗೋಣ. ಮೆಟ್ಟಿಲು ಇಳಿಯೋಣ. ಕೆಳಗಿಂದ ಆಟೋ ಹಿಡಿದು ಮೇಲೆ ಬಂದು ಕಾರು ತಗೊಂಡ್ರಾಯ್ತು."

ನಾನು ನೋಡುವ ಹೊತ್ತಿಗೆ 12 ಹೆಬ್ಬೆರಳು ಬಿದ್ದಿದ್ದವು. ಹದಿಮೂರನೆಯದು ನನ್ನದು.